ತಡೀರಿ, ಯಾರೋ ಕೂಗಿದ್ರು

ನಮ್ಮ ಅಣ್ಣ ಕೂತ ಗಾಡಿ ಹೊತ್ತಿಗೆ ಸರಿಯಾಗಿ ಹೊರಟದ್ದನ್ನು ಹುನಗುಂದ ತಾಲೂಕಿನಲ್ಲಿ ಯಾರೂ ಕಂಡಿಲ್ಲ. ಬಸ್ಸಾಗಲಿ, ಟ್ರ್ಯಾಕ್ಟರಾಗಲಿ, ಆಟೋ ಆಗಲಿ, ಕಡೆಗೆ ಒಂದು ಚಕ್ಕಡಿಯೇ ಆಗಲಿ. ಎಲ್ಲರೂ ಹತ್ತಿ ಕೂತು, ಡ್ರೈವರ ಗೇರು ಹಾಕುವ ಹೊತ್ತಿಗೆ ಅವನು ಬಲಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, "ತಡೀರಿ, ಯಾರೋ ಕೂಗಿದ್ರು" ಅನ್ನುತ್ತಾನೆ. ಎಲ್ಲರೂ ಉಸಿರು ಹಿಡಿದು ಕೇಳುತ್ತಾರೆ. ಎಲ್ಲೋ ಒಂದು ನಾಯಿ ಬೊಗಳುತ್ತದೆ. ಯಾರೂ ಕೂಗಿರುವುದಿಲ್ಲ. ಅಣ್ಣ ಇಳಿದು, ಹಿಂದೆ ಹೋಗಿ, ರಸ್ತೆಯ ಎರಡೂ ಕಡೆ ನೋಡಿ, ಮತ್ತೆ ಹತ್ತಿ, "ಹೂಂ, ಈಗ ನಡೀರಿ" ಅಂದ ಮೇಲೆಯೇ ಗಾಡಿ ಮುಂದೆ.

ನೀವು ಮೂವರು ಮೊಮ್ಮಕ್ಕಳು ಅವನನ್ನು ಸೀಟಿ ಅಜ್ಜ ಅಂತ ಕರೆದು ಬೈಸಿಕೊಂಡಿದ್ದೀರಿ. ಮೂವತ್ತು ವರ್ಷದ ಮೇಲೆ ಬಸ್ಸಿನ ಕಂಡಕ್ಟರ ಆಗಿದ್ದವನ ಕೊರಳಲ್ಲಿ ಸೀಟಿ ಇರದೆ ಇನ್ನೇನು ಇರಬೇಕು? ನನಗೆ ಬರೆಯುವುದು ಅಷ್ಟು ರೂಢಿಯಿಲ್ಲ. ನಮ್ಮ ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆ ತನಕ ಕಲಿತವಳು. ಎದುರು ಕೂತು ಹೇಳೋಣವೆಂದರೆ ನಾಚಿಕೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಪ್ಪ ಅವ್ವನ ಮದುವೆ ಬದಾಮಿಯಲ್ಲಿ ಆಯಿತು. ಮದುಮಗಳನ್ನು ಕಾರಿನಲ್ಲಿ ಕೂರಿಸಿ ಕಳಿಸುವ ಹೊತ್ತು. ನಾನು ಅಳುತ್ತಿದ್ದೆ, ನಿಮ್ಮ ಅವ್ವ ಅಳುತ್ತಿದ್ದಳು, ಸಂಬಂಧವೇ ಇಲ್ಲದ ಬಳೆಗಾರ್ತಿಯೂ ಅಳುತ್ತಿದ್ದಳು. ಅಷ್ಟರಲ್ಲಿ ಅಣ್ಣ ಕಾರಿನ ಮುಂದೆ ನಿಂತು ಕಿವಿಗೆ ಕೈ ಹಚ್ಚಿದ. "ತಡೀರಿ, ಯಾರೋ ಕೂಗಿದ್ರು." ಅಳು ನಿಂತಿತು. ಎಲ್ಲರೂ ಮೂಗು ಒರೆಸಿಕೊಂಡು ಕೇಳಿದೆವು. ಏನೂ ಇಲ್ಲ. ಮತ್ತೆ ಅಳಬೇಕೆಂದರೆ ಅದು ಒಮ್ಮೆಲೇ ಬರುತ್ತದೆಯೇ? ಬೀಗತಿ ಕಾರಿನೊಳಗಿನಿಂದ, "ಅಳೂದು ಮುಗಿದಿದ್ರ ಹೋಗೂಣೇನ್ರಿ?" ಅಂದಳು.

ಅದಾದರೂ ಮದುವೆ. ನಿಮ್ಮ ಅಜ್ಜ ತೀರಿಕೊಂಡ ದಿನ ನಾಲ್ಕು ಮಂದಿ ಚಟ್ಟವನ್ನು ಹೆಗಲಿಗೆ ಏರಿಸಿ ಒಂದು ಹೆಜ್ಜೆ ಇಟ್ಟಿದ್ದರು. ಅಣ್ಣ ಬಂದು ಅಡ್ಡ ನಿಂತ. ಕೈ ಕಿವಿಯ ಹಿಂದೆ. "ತಡೀರಿ, ಯಾರೋ ಕೂಗಿದ್ರು." ಹೊತ್ತವರು ಹೊತ್ತೇ ನಿಂತರು. ನಿಮ್ಮ ಅಜ್ಜ ಹಗುರ ಮನುಷ್ಯರಾಗಿರಲಿಲ್ಲ. ಮುಂದಿನವನು ಹಲ್ಲು ಕಚ್ಚಿಕೊಂಡು, "ಮ್ಯಾಲಿಂದ ಕೂಗಿರಬೇಕೋ ಮಾರಾಯಾ, ದಾರಿ ಬಿಡು, ಹೆಗಲು ಹರಿಯಾಕ ಹತ್ತೈತಿ" ಅಂದ. ನಾನು ಸೆರಗಿನೊಳಗೆ ಮುಖ ಮುಚ್ಚಿಕೊಂಡು ನಕ್ಕುಬಿಟ್ಟೆ. ಮೈ ಅಲುಗುವುದು ಕಂಡು ಹೆಂಗಸರು ಬೆನ್ನು ಸವರಿದರು. ಗಂಡನ ಹೆಣ ಬಾಗಿಲಲ್ಲಿರುವಾಗ ನಕ್ಕವಳು ಅಂತ ನನ್ನನ್ನು ಏನು ಬೇಕಾದರೂ ಅನ್ನಿ.

ಕಿವಿಯ ಡಾಕ್ಟರ ಹತ್ತಿರ ಅವನು ವರ್ಷಕ್ಕೆ ಒಮ್ಮೆಯಾದರೂ ಹೋಗುತ್ತಾನೆ. ಬಾಗಲಕೋಟೆಯ ಒಬ್ಬ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಕಿವಿ ಭಾಳ ಚಲೋ ಅದಾವ್ರಿ. ನನ್ನಕಿಂತ ಚಲೋ ಅದಾವು" ಅಂದರು.

"ಹಂಗಾದ್ರ ನಿಮ್ಮ ಮಷೀನು ಕೆಟ್ಟೈತ್ರಿ" ಅಂದ ಅಣ್ಣ.

"ನಿಮಗ ಏನು ಕೇಳಂಗಿಲ್ಲ ಹೇಳ್ರಿ?"

"ಕೇಳಿದ್ದು ಕೇಳತೈತ್ರಿ. ಕೇಳದೇ ಇದ್ದದ್ದು ಏನಂತ ನಾ ಹೆಂಗ ಹೇಳಲಿ?"

ಡಾಕ್ಟರು ಮುಂದಿನವರನ್ನು ಒಳಗೆ ಕರೆದರಂತೆ.

ಇಷ್ಟು ನಕ್ಕದ್ದು ಸಾಕು. ಈಗ ನಿಮಗೆ ಯಾರೂ ಹೇಳದ ಮಾತೊಂದನ್ನು ಹೇಳಬೇಕು.

ನಿಮ್ಮ ಅವ್ವ ಹುಟ್ಟುವ ಮೊದಲು ನನಗೊಬ್ಬ ಮಗ ಇದ್ದ. ಮೂರು ವರ್ಷದವನು. ಆ ಬೇಸಿಗೆ ಅವನಿಗೆ ವಾಂತಿ ಭೇದಿ ಶುರುವಾಯಿತು. ಹುನಗುಂದದಲ್ಲಿ ನೋಡಿದವರು, ಲಗೂನ ಬಾಗಲಕೋಟೆಗೆ ಒಯ್ಯಿರಿ ಅಂದರು. ಮನೆಯವರು ಪರ ಊರಿಗೆ ಹೋಗಿದ್ದರು. ನಾನೊಬ್ಬಳೇ ಕೂಸನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಬಂದ ಬಸ್ಸಿಗೆ ಅಣ್ಣನೇ ಕಂಡಕ್ಟರ. ಜನ ಕಿಕ್ಕಿರಿದು ತುಂಬಿದ್ದರು. ಅವನು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, "ಹೆದರಬ್ಯಾಡ, ದವಾಖಾನಿ ತನಕ ನಾ ಬರ್ತೇನಿ" ಅಂದು ಟಿಕೆಟ್ ಹರಿಯಲು ಮುಂದೆ ಹೋದ.

ಕಮತಗಿಯಲ್ಲಿ ಬಸ್ಸು ಐದು ನಿಮಿಷ ನಿಂತಿತು. ಕೂಸು ನೀರು ಬೇಡಿತು. ನಾನು ತಂದ ನೀರು ತೀರಿತ್ತು. ಅಣ್ಣ ಮುಂದೆ ಗಂಡಸರ ಗುಂಪಿನ ನಡುವೆ ಇದ್ದ. ಅಷ್ಟು ಮಂದಿಯ ತಲೆಯ ಮೇಲಿಂದ "ಯಣ್ಣಾ, ನಾ ಇಳಿಯಾಕ ಹತ್ತೇನಿ" ಅಂತ ಕೂಗಲು ನನಗೆ ನಾಚಿಕೆಯಾಯಿತು. ಹಿಂದಿನ ಬಾಗಿಲಿನಿಂದ ಸುಮ್ಮನೆ ಇಳಿದೆ. ಹೋಟೆಲಿನ ಹಿಂದೆ ಒಂದು ನಳ ಇತ್ತು. ನಾನು ಆಚೆ ಹೋದಾಗ ಈಚೆ ಇನ್ನೊಬ್ಬ ಹೆಂಗಸು ಕೂಸನ್ನು ಎತ್ತಿಕೊಂಡು ಹತ್ತಿ ನನ್ನ ಜಾಗದಲ್ಲೇ ಕೂತಿದ್ದಳು. ಅಣ್ಣ ಮುಂದಿನಿಂದ ತಲೆ ಎಣಿಸಿದ. ಲೆಕ್ಕ ಸರಿಯಾಯಿತು. ಎರಡು ಸೀಟಿ ಊದಿದ.

ನಾನು ನಳದಿಂದ ಬರುವ ಹೊತ್ತಿಗೆ ಬಸ್ಸು ಹೊರಳಿ ರಸ್ತೆಗೆ ಬಂದಿತ್ತು. ಮುಂದಿನ ಬಸ್ಸು ಸಿಗುವ ಹೊತ್ತಿಗೆ ಎರಡು ತಾಸಿನ ಮೇಲಾಗಿತ್ತು. ಬಾಗಲಕೋಟೆಯ ಸ್ಟ್ಯಾಂಡಿನಲ್ಲಿ ಅಣ್ಣ ಹುಚ್ಚನ ಹಾಗೆ ಅತ್ತಿಂದಿತ್ತ ಓಡಾಡುತ್ತಿದ್ದ. ಮರುದಿನ ಮಧ್ಯಾಹ್ನ ಕೂಸು ಹೋಯಿತು. ಸ್ವಲ್ಪ ಮೊದಲು ತಂದಿದ್ದರೆ ಅಂತ ಡಾಕ್ಟರು ಅರ್ಧ ಮಾತು ಆಡಿದರು.

ಊರಿನಿಂದ ಓಡಿ ಬಂದ ನಿಮ್ಮ ಅಜ್ಜ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಬಸ್ಸು ಬಿಟ್ಟಾಗ ನೀ ಕೂಗಲಿಲ್ಲೇನು?"

ನಾನು, "ಕೂಗಿದೆ" ಅಂದೆ.

ಕೂಗಿರಲಿಲ್ಲ. ಬಸ್ಸು ಎಷ್ಟು ದೂರ ಇತ್ತು? ನಮ್ಮ ಮನೆಯ ಬಾಗಿಲಿನಿಂದ ಎದುರಿನ ಕಿರಾಣಿ ಅಂಗಡಿಯಷ್ಟು. ಕೂಸನ್ನು ಅವುಚಿಕೊಂಡು ಓಡಿದೆ, ಆದರೆ ಬಾಯಿ ತೆರೆಯಲಿಲ್ಲ. ಹೋಟೆಲಿನ ಕಟ್ಟೆಯ ಮೇಲೆ ಇಪ್ಪತ್ತು ಗಂಡಸರು ಚಹಾ ಕುಡಿಯುತ್ತ ಕೂತಿದ್ದರು. ಅವರ ಎದುರಿಗೆ ಗಂಟಲು ಹರಿದು ಕೂಗುವ ಹೆಣ್ಣು ನಾನಾಗಿರಲಿಲ್ಲ. ಆ ಒಂದು ಸುಳ್ಳಿನ ಮೇಲೆ ಅಣ್ಣ ತವರು, ಗಂಡನ ಮನೆ ಎರಡರಲ್ಲೂ ಕಿವುಡನಾದ. ತಂಗಿ ಕೂಗಿದ್ದು ಕೇಳದವನಾದ. ಅವನು ಒಂದು ಮಾತೂ ಎದುರಾಡಲಿಲ್ಲ. ಅಂದಿನಿಂದ ಕಿವಿಗೆ ಕೈ ಹಚ್ಚಿದವನು ಇನ್ನೂ ಇಳಿಸಿಲ್ಲ. ನಲವತ್ತು ವರ್ಷ ನಾನು ಅದನ್ನು ನೋಡುತ್ತ, ಅವನಿಗೆ ಹೋಳಿಗೆ ಬಡಿಸುತ್ತ, ಸುಮ್ಮನಿದ್ದೆ.

ಹೋದ ವರ್ಷ ನಿಮ್ಮ ಅಪ್ಪನ ಇಳಕಲ್ಲಿನ ಸೀರೆ ವ್ಯಾಪಾರದ ಮಂದಿ ಮುಂಬಯಿಯಿಂದ ಕೊಚ್ಚಿಗೆ ಹೋಗಿ ಬರುವ ಹಡಗಿನ ಪ್ರವಾಸ ಮಾಡಿದರಲ್ಲ, ಆಗ ನಿಮ್ಮ ಅಪ್ಪನ ಕಾಲು ಮುರಿದಿತ್ತು. ನಿಮ್ಮ ಅಪ್ಪ ಅವ್ವನ ಜಾಗದಲ್ಲಿ ಅಣ್ಣ, ನಾನು ಇಬ್ಬರೂ ಹೊರಟೆವು. ಅಣ್ಣನಿಗೆ ಎಪ್ಪತ್ತನಾಲ್ಕು, ನನಗೆ ಅರವತ್ತೇಳು. ಈ ಸಲ ಹೇಳಿಬಿಡಬೇಕು ಅಂತ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಸಮುದ್ರದ ನಡುವೆ ಹೇಳಿದರೆ ಎದ್ದು ಹೋಗಲು ಅವನಿಗೂ ಜಾಗ ಇರುವುದಿಲ್ಲ, ನನಗೂ ಇರುವುದಿಲ್ಲ. ನಮ್ಮಿಬ್ಬರಲ್ಲಿ ಯಾರು ಮೊದಲು ಹೋದರೂ ಆ ಸುಳ್ಳು ಖರೆಯಾಗಿಯೇ ಉಳಿಯುತ್ತಿತ್ತು.

ಹಡಗು ಅಂದರೆ ನೀರಿನ ಮೇಲೆ ನಿಂತ ಹತ್ತು ಅಂತಸ್ತಿನ ಲಾಡ್ಜು. ಅಣ್ಣ ಹತ್ತಿದ ಕೂಡಲೇ ಕೇಳಿದ್ದು, "ಕಂಡಕ್ಟರ ಎಲ್ಲಿ ನಿಂದರತಾನ?" ನಮ್ಮನ್ನು ಕರೆದೊಯ್ದವರು ಹುಬ್ಬಳ್ಳಿಯ ಒಬ್ಬ ನಡುವಯಸ್ಸಿನ ಗೃಹಸ್ಥರು, ಸದಾ ಕೈಯಲ್ಲಿ ಒಂದು ಹಳದಿ ಬಾವುಟ. "ಇಲ್ಲಿ ಕಂಡಕ್ಟರ ಇರಂಗಿಲ್ರಿ ಅಜ್ಜಾರ, ಕಂಪ್ಯೂಟರ ಐತಿ. ಕಾರ್ಡು ತೋರಿಸಿದ್ರ ಕುಂಯ್ ಅಂತೈತಿ, ಒಳಗ ಬಂದ್ರಿ, ಹೊರಗ ಹೋದ್ರಿ ಅಂತ ಬರ್ಕೋತೈತಿ" ಅಂದರು.

"ಅದು ಮುಖಾ ನೋಡತೈತೇನು?"

"ಲೆಕ್ಕಾ ಇಡತೈತ್ರಿ."

"ಲೆಕ್ಕಾ" ಅಂದ ಅಣ್ಣ, ಕೆಟ್ಟ ಮಾತು ಕೇಳಿದವನ ಹಾಗೆ.

ಕೊಚ್ಚಿಯಲ್ಲಿ ಹಡಗು ಬೆಳಿಗ್ಗೆ ನಿಂತಿತು. ಸಂಜೆ ಐದಕ್ಕೆ ಹೊರಡುತ್ತದೆ, ನಾಲ್ಕಕ್ಕೆ ಎಲ್ಲರೂ ವಾಪಸು ಬರಬೇಕು ಅಂತ ಮೂರು ಮೂರು ಸಲ ಹೇಳಿದರು. ಇಳಿದ ಕೂಡಲೇ ಹಸಿ ಗೋಣಿಚೀಲದೊಳಗೆ ಕೂತ ಹಾಗೆ ಸೆಕೆ. ನಮ್ಮ ಕಡೆ ಬಿಸಿಲು ಸುಡುತ್ತದೆ, ಅಲ್ಲಿಯ ಬಿಸಿಲು ಕುದಿಸುತ್ತದೆ. ನಮ್ಮ ಗುಂಪಿನಲ್ಲಿ ಅಣ್ಣನನ್ನು ಬಿಟ್ಟು ಇಪ್ಪತ್ತನಾಲ್ಕು ಮಂದಿ, ಒಂದು ಬಸ್ಸು. ಬಸ್ಸು ಎಲ್ಲಿ ನಿಂತರೂ ಅಣ್ಣ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿ ಹೆಸರು ಹಿಡಿದು ಕೂಗಿ, ಓ ಅನ್ನಿಸಿಕೊಂಡೇ ಹತ್ತಿಸುತ್ತಿದ್ದ. ಆಮೇಲೆ ಕಿವಿಗೆ ಕೈ. ಇಳಕಲ್ಲಿನ ಅಂಗಡಿಕಾರರು ಮೊದಲ ಸಲ ನಕ್ಕರು, ಎರಡನೆಯ ಸಲ ಗಡಿಯಾರ ನೋಡಿಕೊಂಡರು, ಮೂರನೆಯ ಸಲ ಬೈದರು. ಬಹಳ ಬೈದವರು ಅವನ ಕೋಣೆಯಲ್ಲೇ ಇಳಿದುಕೊಂಡಿದ್ದ ಒಬ್ಬ ದಪ್ಪನೆಯ ಜವಳಿ ಸಾವಕಾರರು. "ಏನೋ ಕಂಡಕ್ಟರ, ಸಾಲಿ ಹುಡುಗ್ರೇನು ನಾವು?"

"ಸಾಲಿ ಹುಡುಗ್ರು ಓ ಅಂತಾವ್ರಿ. ನೀವು ಅನ್ನಾಕ ತ್ರಾಸ ತಗೋತೀರಿ."

ದಂಡೆಯಲ್ಲಿ ಚೀನಾ ಬಲೆಗಳನ್ನು ತೋರಿಸಿದರು. ದೊಡ್ಡ ದೊಡ್ಡ ಮರದ ತೊಲೆಗಳಿಗೆ ಕಟ್ಟಿದ ಬಲೆಯನ್ನು ಆರು ಗಂಡಸರು ಹಗ್ಗ ಜಗ್ಗಿ ಎತ್ತಿದರು. ಅಷ್ಟು ದೊಡ್ಡ ಬಲೆಯಲ್ಲಿ ಬಂದದ್ದು ಬೊಗಸೆಯಷ್ಟು ಮೀನು. ಸಾಯುವ ತನಕ ಬಾಯಿ ಬಿಟ್ಟು ಮುಚ್ಚಿ ಮಾಡಿದವು. ಎಲ್ಲರೂ ಫೋಟೋ ತೆಗೆದರು. ನಾನು ಬೇರೆ ಕಡೆ ನೋಡಿದೆ. ಬಾಯಿ ತೆರೆದರೂ ದನಿ ಬರದೆ ಇರುವುದನ್ನು ನೋಡುವುದು ನನ್ನ ಕೈಲಾಗುವುದಿಲ್ಲ.

ಆಮೇಲೆ ಸಮುದ್ರದ ಹತ್ತಿರವೇ ಪರದೇಶದವರ ಒಂದು ಹಳೆಯ ಗೋರಿಗಳ ಜಾಗ. ಗೇಟಿಗೆ ಬೀಗ. ಹೊರಗಿನಿಂದಲೇ ನೋಡಿದೆವು, ಪಾಚಿ ಹಿಡಿದ ಕಲ್ಲುಗಳು. "ಹಡಗಿನ್ಯಾಗ ಬಂದವ್ರು, ಜಡ್ಡು ಬಿದ್ದು ಇಲ್ಲೇ ಸತ್ತರು. ಹಡಗು ಹೋದ್ವು, ಇವ್ರು ಉಳದ್ರು" ಅಂದರು ಬಾವುಟದವರು.

ಅಣ್ಣ ಗೇಟಿನ ಸರಳು ಹಿಡಿದುಕೊಂಡ. "ಬಿಟ್ಟು ಹೋದ್ರೇನ್ರಿ?"

"ಹಂಗಲ್ರಿ ಅಜ್ಜಾರ, ಸತ್ತಿದ್ರು."

"ಸತ್ತ ಮ್ಯಾಲ ಹೋದ್ರೋ, ಹೋದ ಮ್ಯಾಲ ಸತ್ತರೋ?"

ಅವರು ಬಾವುಟ ಎತ್ತಿ, ಮುಂದೆ ಮಸಾಲೆ ಬಜಾರು, ಬರ್ರಿ ಬರ್ರಿ ಅಂದರು. ನನಗೂ ಅಣ್ಣನಿಗೂ ಕಣ್ಣು ಕೂಡಿತು. ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಸಾವಕಾರರು, "ಹೆಣದ ಜಾಗಾ ನೋಡಾಕ ನಾ ಇಳಕಲ್ಲಿಂದ ಬಂದೀನೇನು?" ಅಂತ ಶುರು ಮಾಡಿದರು. ನಾನು ಬಾವುಟದ ಹಿಂದೆ ಹೊರಟೆ.

ಮಸಾಲೆ ಬಜಾರಿನ ಇಕ್ಕಟ್ಟು ಓಣಿಗಳಲ್ಲಿ ಮೆಣಸು, ಶುಂಠಿ, ಏಲಕ್ಕಿ, ಸೀನು. ಮೂರು ಗಂಟೆಗೆ ಬಸ್ಸಿನ ಬಾಗಿಲಲ್ಲಿ ಅಣ್ಣ ಹೆಸರು ಕೂಗಿದ. ಇಪ್ಪತ್ತಮೂರು ಮಂದಿ ಓ ಅಂದರು. ಸಾವಕಾರರು ಇಲ್ಲ. ಫೋನು ಹಚ್ಚಿದರೆ ಬಂದ್. ಅರ್ಧ ತಾಸು ಹುಡುಕಿದೆವು. "ಸೆಕಿ ತಾಳಲಾರದ ಆಟೋ ಹಿಡದು ಹಡಗಿಗೆ ಹೋಗಿರಬೇಕ್ರಿ" ಅಂದರು ಎಲ್ಲರೂ. ಅಣ್ಣ ಬಸ್ಸಿನ ಮುಂದೆ ನಿಂತ. ನಾಲ್ಕು ಮಂದಿ ಅವನನ್ನು ಎತ್ತಿ ಒಳಗೆ ಹಾಕಿದ್ದರಿಂದ ನಾವು ಬಂದರಿಗೆ ಬಂದೆವು.

ಹಡಗಿನ ಏಣಿಯ ಬುಡದಲ್ಲಿ ಬಿಳಿ ಅಂಗಿಯ ಅಧಿಕಾರಿ ಯಂತ್ರ ನೋಡಿ ಹೇಳಿದ, ನಿಮ್ಮ ಮನುಷ್ಯ ಆಗಲೇ ಒಳಗೆ ಬಂದಿದ್ದಾನೆ, ಹೊರಗೆ ಉಳಿದವರು ನೀವೇ. ಎಲ್ಲರೂ ನಿಟ್ಟುಸಿರು ಬಿಟ್ಟು ಹತ್ತಿದರು. ಅಣ್ಣ ನನ್ನನ್ನು ಮುಂದೆ ದೂಡಿ, "ನೀ ಹತ್ತು" ಅಂದ. ಹತ್ತಿ ತಿರುಗಿ ನೋಡಿದರೆ ಅವನು ಕೆಳಗೇ ಇದ್ದಾನೆ.

"ಅಜ್ಜಾರ, ಲೆಕ್ಕಾ ಸರಿ ಐತ್ರಿ, ಬರ್ರಿ" ಅಂತ ಬಾವುಟದವರು ಕೈ ಮುಗಿದರು.

"ಲೆಕ್ಕಾ ಅವತ್ತೂ ಸರಿ ಇತ್ತು" ಅಂದ ಅಣ್ಣ. "ನನಗ ಮುಖಾ ತೋರಸ್ರಿ."

ಅವರಿಗೆ ಆ ಮಾತು ಹೇಗೆ ತಿಳಿಯಬೇಕು? ಕೋಣೆಗೆ ಫೋನು ಹಚ್ಚಿದರು, ಯಾರೂ ಎತ್ತಲಿಲ್ಲ. ಗಂಟೆ ನಾಲ್ಕೂವರೆ ದಾಟಿತು. ಐದು ನಿಮಿಷ ನೋಡುತ್ತೇವೆ, ಬರದಿದ್ದರೆ ಅವನನ್ನು ಇಲ್ಲೇ ಬಿಟ್ಟು ಏಣಿ ಎತ್ತುತ್ತೇವೆ ಅಂತ ಅಧಿಕಾರಿ ಹೇಳಿದ. ನಾನು ಹಡಗಿನ ಅಂಚಿನ ಕಟಕಟೆ ಹಿಡಿದು ಕೆಳಗೆ ನೋಡಿದೆ. ಆ ದೊಡ್ಡ ಹಡಗಿನ ಬುಡದಲ್ಲಿ ಧೋತರ, ಕರಿ ಟೊಪ್ಪಿಗೆ, ಕೈಚೀಲ. ಊರಿಗೆ ಹೋಗುವ ದಾರಿಯೂ ಗೊತ್ತಿಲ್ಲದ, ಅಲ್ಲಿಯ ಮಾತೂ ಬಾರದ ಮುದುಕ. ನನ್ನ ಸುಳ್ಳು ಅವನನ್ನು ಅಲ್ಲಿ ನಿಲ್ಲಿಸಿತ್ತು.

ಅಣ್ಣನ ಕೋಣೆ ನನಗೆ ಗೊತ್ತಿತ್ತು. ಓಡಿದೆ. ಬಾಗಿಲನ್ನು ಮೊದಲು ಎರಡು ಬೆರಳಿನಿಂದ ಬಡಿದೆ, ಪರಪುರುಷರ ಕೋಣೆ ನೋಡಿ. ಒಳಗೆ ಗೊರಕೆ ಕೇಳುತ್ತಿತ್ತು. ಅಂಗೈಯಿಂದ ಬಡಿದೆ. ಗೊರಕೆ ನಿಲ್ಲಲಿಲ್ಲ. ಆಮೇಲೆ ನನಗೇನಾಯಿತೋ ಗೊತ್ತಿಲ್ಲ, ಎರಡೂ ಮುಷ್ಟಿಯಿಂದ ಗುದ್ದುತ್ತ, "ಸಾವಕಾರ್ರೀ, ಏಳ್ರಿ, ಹೊರಗ ಬರ್ರಿ" ಅಂತ ಅರಚಿದೆ. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದವು. ಯಾರ್‍ಯಾರೋ ಚಡ್ಡಿಯಲ್ಲಿ ಬಂದು ನಿಂತರು. ಕಡೆಗೆ ಸಾವಕಾರರು ಬನಿಯನ್-ಲುಂಗಿಯಲ್ಲಿ ಬಾಗಿಲು ತೆರೆದು, "ಹಡಗ ಮುಳಗಾಕ ಹತ್ತೈತೇನ್ರಿ ಯಕ್ಕಾರ?" ಅಂದರು.

"ಇಲ್ರಿ. ನೀವು ಕಳದೀರಿ. ಬರ್ರಿ."

ಅವರ ಮುಂಗೈ ಹಿಡಿದು ಎಳೆದುಕೊಂಡು ಹೊರಟೆ. ಅವರು ಇನ್ನೊಂದು ಕೈಯಲ್ಲಿ ಲುಂಗಿ ಹಿಡಿದುಕೊಂಡು, "ನಾ ಎಲ್ಲಿ ಕಳದೀನಿ, ಇಲ್ಲೇ ಮಕ್ಕೊಂಡಿದ್ದೆ" ಅನ್ನುತ್ತ ಬಂದರು. ಮದುವೆಯಾದ ಗಂಡನ ಕೈಯನ್ನೂ ನಾಲ್ಕು ಮಂದಿಯೆದುರು ಹಿಡಿಯದವಳು ನಾನು. ಕಟಕಟೆಗೆ ಬಂದಾಗ ಹಡಗಿನವರು ಏಣಿ ಎತ್ತಲು ಕೈ ಹಚ್ಚಿದ್ದರು. ಎಂಜಿನ್ನಿನ ಸದ್ದು, ಸರಪಳಿಯ ಸದ್ದು, ಸುತ್ತ ನೂರು ಮಂದಿ.

"ಯಣ್ಣಾ..."

ನನಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಒಂದೇ ಸಲ ಕೂಗಿದೆ. ಅವನು ಥಟ್ಟನೆ ಮುಖ ಎತ್ತಿದ. ಕಿವಿಗೆ ಕೈ ಹಚ್ಚಲಿಲ್ಲ. ಸಾವಕಾರರ ತಲೆ ಹಿಡಿದು ಕೆಳಗೆ ಬಾಗಿಸಿ ತೋರಿಸಿದೆ. ಅಣ್ಣ ನೋಡಿದ, ಕೈಚೀಲ ಹೆಗಲಿಗೆ ಹಾಕಿಕೊಂಡ, ಏಣಿ ಹತ್ತಿದ.

ಮೇಲೆ ಬಂದವನು ಸಾವಕಾರರನ್ನು ಬೈಯಲೂ ಇಲ್ಲ. ನನ್ನನ್ನೇ ನೋಡುತ್ತ ನಿಂತ. ಹಡಗು ದಂಡೆ ಬಿಟ್ಟಿತು. ಆಗ ಕೇಳಿದ, "ಇಷ್ಟು ದೊಡ್ಡ ದನಿ ನಿಂದು. ಇಷ್ಟು ಗದ್ದಲದಾಗ ಕೇಳಿತು. ಅವತ್ತ ಹೆಂಗ ಕೇಳಲಿಲ್ಲ ನಂಗ?"

"ಅವತ್ತ ನಾ ಕೂಗಿರಲಿಲ್ಲ, ಯಣ್ಣಾ."

ನಾನು ಎಲ್ಲ ಹೇಳಿದೆ, ನಳ, ಕಟ್ಟೆಯ ಮೇಲಿನ ಗಂಡಸರು, ನಿಮ್ಮ ಅಜ್ಜನಿಗೆ ಹೇಳಿದ ಒಂದು ಮಾತು. "ಕೂಗಬೇಕಿತ್ತು" ಅಂದ. "ನಾ ನಿಲ್ಲಸತಿದ್ದೆ." ಅಷ್ಟು ಅಂದವನೇ ಹೊರಟುಹೋದ. ಸಮುದ್ರದ ನಡುವೆಯೂ ಹೋಗಲು ಜಾಗ ಇರುತ್ತದೆ. ಊಟಕ್ಕೆ ಬರಲಿಲ್ಲ. ನನ್ನ ಮುಖ ನೋಡಲಿಲ್ಲ. ಅವನು ಕ್ಷಮಿಸಿದ ಅಂತ ಬರೆದರೆ ನಿಮಗೆ ಹಿತವಾದೀತು, ಆದರೆ ಆ ಮಾತನ್ನು ಅವನು ಆಗಲೂ ಆಡಲಿಲ್ಲ, ಈ ತನಕವೂ ಆಡಿಲ್ಲ.

ಮರುದಿನ ಬೆಳಿಗ್ಗೆ ನಾನು ಮೇಲೆ ಒಬ್ಬಳೇ ಕೂತಿದ್ದಾಗ ಎರಡು ಕಪ್ ಚಹಾ ಹಿಡಿದುಕೊಂಡು ಬಂದ. ಒಂದನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ. ಸುತ್ತ ಎಲ್ಲಿ ನೋಡಿದರೂ ನೀರು.

"ನಳದ ಕಡೆ ಹೋದಾಗ ಅಂವ ನೀರು ಕುಡದಿದ್ದನೇನು?"

"ಎರಡು ಗುಟುಕು ಕುಡದ."

"ಅಳತಿದ್ದನೇನು?"

"ಇಲ್ಲ. ಹೆಗಲ ಮ್ಯಾಲ ಮಕ್ಕೊಂಡಿದ್ದ."

ಅಣ್ಣ ಚಹಾ ಕುಡಿಯಲಿಲ್ಲ, ಕಪ್ಪನ್ನು ತಿರುಗಿಸುತ್ತ ಕೂತ. "ಹುನಗುಂದದಾಗ ಹತ್ತಿದಾಗ ನನ್ನ ಅಂಗಿ ಹಿಡದು, ಮಾಮಾ ನನಗೂ ಒಂದು ಟಿಕೆಟ್ ಕೊಡು ಅಂದಿದ್ದ. ಅಂಥಾ ಜಡ್ಡಿನ್ಯಾಗೂ. ಸಣ್ಣವರಿಗೆ ಟಿಕೆಟ್ ಇಲ್ಲಪ್ಪಾ ಅಂದೆ. ಕೆಳಗ ಬಿದ್ದ ಹಳೇದೊಂದು ಎತ್ತಿ ಕೊಟ್ಟಿದ್ರ ಏನಾಗತಿತ್ತು? ಕೈ ಹಿಂಗ ಚಾಚಿದ್ದ ನೋಡವ್ವಾ." ಅಂದು, ತನ್ನ ದೊಡ್ಡ ಕೈಯನ್ನು ಮೂರು ವರ್ಷದ ಕೂಸಿನ ಹಾಗೆ ಚಾಚಿ ತೋರಿಸಿದ.

ನಾನು ಆ ಕೈಯನ್ನು ಹಿಡಿದುಕೊಂಡೆ. ನಲವತ್ತು ವರ್ಷ ಎರಡೂ ಮನೆಗಳಲ್ಲಿ ಯಾರೂ ಎತ್ತದ ಹೆಸರನ್ನು ಅಂದು ಮಧ್ಯಾಹ್ನದ ತನಕ ನಾವಿಬ್ಬರೂ ಎಷ್ಟು ಸಲ ಹೇಳಿದೆವೋ. ಅವನು ರೊಟ್ಟಿಯ ಅಂಚನ್ನಷ್ಟೇ ತಿನ್ನುತ್ತಿದ್ದದ್ದು, ಕೋಳಿಗೆ ಹೆದರುತ್ತಿದ್ದದ್ದು, ಬಸ್ಸು ಕಂಡರೆ ಎಲ್ಲ ಬಸ್ಸೂ ಮಾಮಾನದೇ ಅನ್ನುತ್ತಿದ್ದದ್ದು.

ಅವನ ಹೆಸರು ಸಂಗಮೇಶ. ಸಂಗೂ ಅಂತ ಕರೆಯುತ್ತಿದ್ದೆವು. ನಿಮ್ಮ ಸೋದರಮಾವ.